ನಮ್ಮ ಮನೆಯ ಮೊಸರು ಯಾವ ಊರಿನದು?

ವಯಸ್ಸಾದಂತೆ ಮನುಷ್ಯರಿಗೆ ಪ್ರಶ್ನೆಗಳು ಕಡಿಮೆಯಾಗಿ ಉತ್ತರಗಳು ಹೆಚ್ಚಾಗುತ್ತವೆ ಎನ್ನುವುದು ನನ್ನ ಅನುಭವ. ಪುಣೆಯ ಬಿಬವೇವಾಡಿಯಲ್ಲಿರುವ ನಮ್ಮ ವಸತಿ ಸೊಸೈಟಿಯ ಕಟ್ಟೆಯ ಮೇಲೆ ಸಂಜೆ ಹೊತ್ತು ಸೇರುವ ಹಿರಿಯರನ್ನೇ ನೋಡಿ. ಮಂಡಿನೋವಿನಿಂದ ಹಿಡಿದು ಮಳೆಗಾಲದವರೆಗೆ, ಯಾರೂ ಕೇಳದಿದ್ದರೂ, ಅವರ ಬಳಿ ಉತ್ತರ ಸಿದ್ಧವಾಗಿರುತ್ತದೆ. ನನ್ನ ವಿಷಯದಲ್ಲಿ ಮಾತ್ರ ಇದು ತಿರುವುಮುರುವಾಯಿತು. ಐವತ್ತರ ಹೊಸ್ತಿಲಲ್ಲಿ ನಿಂತಾಗ ನನಗೊಂದು ಪ್ರಶ್ನೆ ಹುಟ್ಟಿಕೊಂಡಿತು. ಹುಟ್ಟಿದ್ದು ಸುಮ್ಮನೆ ಇರಲಿಲ್ಲ, ನನ್ನನ್ನು ಕಾಲೇಜಿನ ಬಾಗಿಲಿನ ತನಕ ಎಳೆದುಕೊಂಡು ಹೋಯಿತು. ಅರವತ್ತಕ್ಕೆ ಅರಳುಮರಳು ಅನ್ನುತ್ತಾರಲ್ಲ, ನಿನಗೆ ಹತ್ತು ವರ್ಷ ಮುಂಗಡವಾಗಿ ಬಂದಿದೆ ಎಂದು ನಮ್ಮ ಮನೆಯವರು ಹೇಳಿದರು. ಅವರು ಬ್ಯಾಂಕಿನಲ್ಲಿರುವವರು, ಮುಂಗಡದ ವಿಷಯ ಅವರಿಗೆ ಚೆನ್ನಾಗಿ ಗೊತ್ತು.

ಪ್ರಶ್ನೆ ದೊಡ್ಡದೇನಲ್ಲ. ನಮ್ಮ ಮನೆಯ ಮೊಸರು ಯಾವ ಊರಿನದು ಎಂಬುದಷ್ಟೇ.

ಇದಕ್ಕೆ ಸ್ವಲ್ಪ ಹಿನ್ನೆಲೆ ಹೇಳಬೇಕು. ನಮ್ಮ ಅತ್ತೆಯವರು ಧಾರವಾಡದಿಂದ ಪುಣೆಗೆ ಸಂಸಾರ ಹೂಡಲು ಬಂದಾಗ ಕಲಾಯಿ ಹಾಕಿದ ಮುಚ್ಚಳದ ಹಿತ್ತಾಳೆ ಡಬ್ಬಿಯಲ್ಲಿ ತವರಿನ ಮೊಸರಿನ ಹೆಪ್ಪು ತಂದಿದ್ದರಂತೆ. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲವಂತೆ. ಅಂದಿನಿಂದ ಇಂದಿನವರೆಗೆ ಪ್ರತಿದಿನ ಹಿಂದಿನ ಮೊಸರಿನಿಂದಲೇ ಮರುದಿನದ ಹಾಲಿಗೆ ಹೆಪ್ಪು. ನಾವು ಊರಿಗೆ ಹೊರಟರೆ ಹೆಪ್ಪಿನ ಬಟ್ಟಲು ಪಕ್ಕದ ಮನೆಯ ಹಿರಿಯಾಕೆ ಶೈಲಾ ಕಾಕೂ ಬಳಿ ಹೋಗುತ್ತದೆ, ಜೊತೆಗೆ ಅತ್ತೆಯವರ ಉದ್ದನೆಯ ಸೂಚನೆಗಳೂ ಹೋಗುತ್ತವೆ. ನನ್ನ ಮಗಳು ಮೇಧಾಳನ್ನು ಚಿಕ್ಕವಳಿದ್ದಾಗ ಅದೇ ಕಾಕೂ ಬಳಿ ಬಿಟ್ಟು ಹೋಗುತ್ತಿದ್ದೆವು. ಆಗ ಯಾರೂ ಅಷ್ಟು ಸೂಚನೆ ಕೊಟ್ಟ ನೆನಪಿಲ್ಲ. ಮನೆಗೆ ಬಂದವರು ಊಟದ ಕೊನೆಗೆ ಮೊಸರು ಚೆನ್ನಾಗಿದೆ ಎಂದರೆ ಸಾಕು, ಅತ್ತೆಯವರು ಎದೆಯುಬ್ಬಿಸಿ, “ಅದು ಧಾರವಾಡದ ಮಸರು ನೋಡ್ರಿ” ಅನ್ನುತ್ತಾರೆ. ಮರಾಠಿ ಜನ ಪೇಡೆಯ ಊರಿನ ಮೊಸರೂ ಇಷ್ಟು ಪ್ರಸಿದ್ಧವೇ ಎಂದು ತಲೆದೂಗಿ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾರೆ.

ಒಂದು ಮಧ್ಯಾಹ್ನ ಮೊಸರನ್ನ ಕಲಸುತ್ತಾ ನನಗೆ ಹೊಳೆಯಿತು. ಹಾಲು ಪುಣೆಯ ಪ್ಯಾಕೆಟ್ಟಿನದು. ಪಾತ್ರೆ ಪುಣೆಯದು. ಸೆಖೆ, ಚಳಿ ಪುಣೆಯದು. ಕೈ ನನ್ನದು, ಅದಕ್ಕೂ ಈಗ ಪುಣೆಯ ನೀರು ಹಿಡಿದಿದೆ. ಉಳಿದದ್ದು ಒಂದು ಚಮಚ ಹೆಪ್ಪು, ಅದೂ ನಿನ್ನೆಯದು. ನಿನ್ನೆಯದು ಮೊನ್ನೆಯದರ ಮಗಳು. ಹಾಗಾದರೆ ಧಾರವಾಡ ಎಲ್ಲಿ ಉಳಿಯಿತು? ಮೊಸರಿನೊಳಗೆ ಇರುವುದು ಜೀವಿಗಳು ಎಂದು ಓದಿದ ನೆನಪು. ಅವು ಇಲ್ಲೇ ಹುಟ್ಟಿ, ಇಲ್ಲೇ ಬೆಳೆದು, ಮೊಮ್ಮಕ್ಕಳು ಮರಿಮಕ್ಕಳನ್ನು ಕಂಡು ಹೋದವು. ಮೇಧಾಳಂತೆ ಅವೂ ಈಗ ಮರಾಠಿಯಲ್ಲೇ ಜಗಳವಾಡುತ್ತಿರಬೇಕು. ಅನ್ನ ತಟ್ಟೆಯಲ್ಲಿ ಆರಿತು, ನಾನು ತಿನ್ನುವುದನ್ನೇ ಮರೆತೆ.

ಮನೆಯವರನ್ನು ಕೇಳಿದೆ. ಧಾರವಾಡದ್ದು ಇರಬಹುದು, ಇಲ್ಲದೆಯೂ ಇರಬಹುದು ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಹಡಪಸರದ ಐಟಿ ಆಫೀಸಿನಲ್ಲಿ ಕೆಲಸ ಮಾಡುವ ಮೇಧಾ ಮೊಬೈಲಿನಲ್ಲಿ ಹುಡುಕಿ, ಅದು ಬೇರೆ ಬೇರೆ ಸಂಗತಿಗಳನ್ನು ಅವಲಂಬಿಸಿದೆ ಎಂದಳು. ಅಷ್ಟು ಹೇಳಲು ಮೊಬೈಲು ಯಾಕೆ ಬೇಕಿತ್ತೋ ಕಾಣೆ. ಕೊನೆಗೆ ಅತ್ತೆಯವರನ್ನೇ ಕೇಳಿದೆ. ಅವರು ಬಿಡಿಸುತ್ತಿದ್ದ ಅವರೆಕಾಯಿ ಬಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಧಾರವಾಡದಾಕಿ ಪುಣೆದಾಗ ಭಾಳ ವರ್ಷ ಇದ್ರ ಪುಣೆದಾಕಿ ಆಗ್ತಾಳೇನು? ಹಂಗಾದ್ರ ನಾ ಯಾರು ಹೇಳು ನೋಡೂಣು.”

ಇದಕ್ಕೆ ಸೊಸೆಯಾದವಳು ಉತ್ತರ ಕೊಡುವಂತಿಲ್ಲ. ಆದರೆ ಪ್ರಶ್ನೆ ಇನ್ನೂ ದೊಡ್ಡದಾಯಿತು. ಇದೆಲ್ಲ ಗೊತ್ತಿರುವವರು ಯಾರು ಎಂದು ಮೇಧಾಳನ್ನು ಕೇಳಿದರೆ, ಸೂಕ್ಷ್ಮಜೀವಿ ವಿಜ್ಞಾನ ಓದಿದವರು ಎಂದಳು. ನನಗೆ ಅಂಥವರು ಒಬ್ಬರೂ ಪರಿಚಯವಿರಲಿಲ್ಲ. ಹಾಗಾಗಿ ನಾನೇ ಆಗಿಬಿಟ್ಟರೆ ಹೇಗೆ ಎನಿಸಿತು. ನೆಂಟರಲ್ಲಿ ಡಾಕ್ಟರಿಲ್ಲವೆಂದು ಯಾರೂ ತಾವೇ ಡಾಕ್ಟರಾಗಲು ಹೊರಡುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ನಿಜ ಹೇಳುತ್ತೇನೆ, ಮೊಸರು ಒಂದು ನೆಪ. ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ಕೆರೆಯ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದ್ದೆ. ಒಳಗೆ ಒಂದು ಪೇಟೆಯೇ ಇತ್ತು. ಯಾರೋ ಓಡುತ್ತಿದ್ದರು, ಯಾರೋ ಯಾರನ್ನೋ ನುಂಗುತ್ತಿದ್ದರು, ಒಬ್ಬ ಸುಮ್ಮನೆ ತಿರುಗುತ್ತಿದ್ದ. ಹಿಂದಿದ್ದ ಹುಡುಗಿ ಆಚೆ ಸರಿ ಎಂದು ಭುಜ ತಟ್ಟುತ್ತಿದ್ದಳು, ನಾನು ಕಣ್ಣು ತೆಗೆಯಲಿಲ್ಲ. ಮುಂದೆ ಓದಬೇಕೆಂದುಕೊಂಡೆ. ಫಲಿತಾಂಶಕ್ಕಿಂತ ಮೊದಲು ವರ ಬಂದ. ಒಳ್ಳೆಯ ವರನೇ, ದೂರಿಲ್ಲ. ಆಮೇಲೆ ಪುಣೆ, ಮಗಳು, ಒಂದು ಪತ್ತಿನ ಸಹಕಾರಿ ಸಂಘದ ಠೇವಣಿ ಕೌಂಟರಿನ ಕೆಲಸ. ಆ ಕೆಲಸ ಬಿಟ್ಟ ಮೇಲೆ ಮೊದಲ ಸಲ ನನ್ನ ಕೈ ಖಾಲಿಯಾಗಿತ್ತು. ಮನೆಯವರ ನಿವೃತ್ತಿ ಹತ್ತಿರ ಬಂದಿದೆ, ಅವರು ಮನೆಯಲ್ಲಿ ಕೂತ ಮೇಲೆ ಕೈ ಖಾಲಿ ಇರುವ ಮಾತೇ ಇಲ್ಲ. ಈಗ ಆಗದಿದ್ದರೆ ಇನ್ನೆಂದೂ ಆಗದು ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

ಎಂ.ಎಸ್ಸಿ.ಗೆ ಅರ್ಜಿ ಹಾಕುವುದು ಈಗ ಕಂಪ್ಯೂಟರಿನಲ್ಲಿ. ಪದವಿ ಮುಗಿದ ವರ್ಷವನ್ನು ಪಟ್ಟಿಯಲ್ಲಿ ಆರಿಸಬೇಕು. ನಾನು ಕೆಳಗೆ, ಇನ್ನೂ ಕೆಳಗೆ ಎಂದು ಎಳೆಯುತ್ತಲೇ ಹೋದೆ. ಬಾವಿಯಲ್ಲಿ ಹಗ್ಗ ಬಿಟ್ಟಂತಾಯಿತು, ನನ್ನ ವರ್ಷ ಬರುವ ಮೊದಲೇ ತಳ ಬಂತು. ಮೇಧಾ ಕಾಲೇಜಿಗೆ ಫೋನು ಮಾಡಿದಳು. ಅವರು ಸಮಾಧಾನದಿಂದ ಕೇಳಿ, ಕಾಗದದ ಅರ್ಜಿಯನ್ನೇ ಕೊಡಲಿ, ಜೊತೆಗೆ ಗ್ಯಾಪ್ ಸರ್ಟಿಫಿಕೇಟ್ ಇರಲಿ ಎಂದರು. ಓದು ಬಿಟ್ಟ ವರ್ಷಗಳಲ್ಲಿ ನೀವು ಏನು ಮಾಡುತ್ತಿದ್ದಿರಿ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ ಹೇಳುವುದಕ್ಕೆ ಮಹಾರಾಷ್ಟ್ರದಲ್ಲಿ ಹಾಗನ್ನುತ್ತಾರೆ. ಸ್ವಾರಗೇಟದ ಕಡೆ ಮರದ ಕೆಳಗೆ ಮೇಜು ಹಾಕಿಕೊಂಡ ಟೈಪಿಸ್ಟನ ಬಳಿ ಹೋದೆ. ಆತನ ಬಳಿ ಮಾದರಿ ಸಿದ್ಧವಿತ್ತು. ಮಗಳ ಹೆಸರು ಹೇಳಿ ಅಮ್ಮಾ ಎಂದ. ಮಗಳಲ್ಲ, ನಾನೇ ಎಂದೆ. ಆತ ಕನ್ನಡಕ ಸರಿಮಾಡಿಕೊಂಡು ವರ್ಷಗಳನ್ನು ಕೇಳಿ ಟೈಪು ಮಾಡಿದ, ಮಾಡಿದ್ದನ್ನು ನೋಡಿದ, ನನ್ನನ್ನು ನೋಡಿದ. ಇದು ಗ್ಯಾಪ್ ಅಲ್ಲ ಅಮ್ಮಾ, ಊರಾಚೆಯ ಕಾತ್ರಜ್ ಘಾಟಿ ಎಂದು ಮರಾಠಿಯಲ್ಲಿ ಹೇಳಿದ. ಆಮೇಲೆ ಕಾರಣ ಏನು ಬರೆಯಲಿ ಎಂದು ಕೇಳಿದ. ಸಾಮಾನ್ಯವಾಗಿ ಕಾಯಿಲೆ ಅಥವಾ ಮನೆಯ ತೊಂದರೆ ಎಂದು ಬರೆಯುತ್ತಾರಂತೆ. ನನಗೆ ಕಾಯಿಲೆ ಇರಲಿಲ್ಲ. ಮನೆಯನ್ನು ತೊಂದರೆ ಎಂದು ಪ್ರಮಾಣ ಮಾಡಿ ಹೇಳಲು ಮನಸ್ಸಾಗಲಿಲ್ಲ. ಅದೂ ನಾನು ಹೊರಡುವಾಗ ಅತ್ತೆಯವರು ಚೀಲದಲ್ಲಿ ನೀರಿನ ಬಾಟಲಿ ಇಟ್ಟು ಕಳಿಸಿರುವಾಗ. ಕೊನೆಗೆ ಸ್ವಂತ ಕಾರಣ ಎಂದು ಬರೆಸಿದೆ. ಎಷ್ಟೋ ವರ್ಷದ ಬದುಕು ಎರಡು ಶಬ್ದದಲ್ಲಿ ಮುಗಿಯಿತು.

ಪ್ರವೇಶ ಪರೀಕ್ಷೆಯ ದಿನದ ಅವಮಾನಗಳನ್ನು ವಿವರಿಸುವುದಿಲ್ಲ. ಪಾಲಕರು ಗೇಟಿನ ಹೊರಗೆ ನಿಲ್ಲಬೇಕು ಎಂದು ಕಾವಲುಗಾರ ನನ್ನನ್ನು ತಡೆದ. ಒಳಗೆ ಹೋದ ಮೇಲೆ ಮಕ್ಕಳೆಲ್ಲ ನಾನೇ ಮೇಲ್ವಿಚಾರಕಿ ಎಂದುಕೊಂಡು ಎದ್ದು ನಿಂತರು. ನಾನು ನಗುತ್ತಾ ಹಿಂದಿನ ಬೆಂಚಿಗೆ ಹೋಗಿ ಕುಳಿತ ಮೇಲೆ ಅವರ ಮುಖದಲ್ಲಿ ಮೂಡಿದ ಭಾವವನ್ನು ನಾನು ಗೌರವ ಎಂದೇ ತಿಳಿದುಕೊಂಡಿದ್ದೇನೆ. ಹೇಗೋ ಪಾಸಾದೆ. ಸಂದರ್ಶನಕ್ಕೆ ಕರೆ ಬಂತು. ಅಭ್ಯರ್ಥಿ ತಾನು ಓದಬೇಕೆಂದಿರುವ ಒಂದು ಪ್ರಶ್ನೆಯ ಬಗ್ಗೆ ಮಾತಾಡಬೇಕು, ಏನಾದರೂ ಮಾಡಿ ನೋಡಿದ್ದರೆ ತರಬಹುದು ಎಂದು ಅದರಲ್ಲಿತ್ತು. ಪ್ರಶ್ನೆ ನನ್ನಲ್ಲಿತ್ತು. ಮಾಡಿ ನೋಡುವುದೊಂದು ಬಾಕಿ.

ಧಾರವಾಡದಲ್ಲಿರುವ ನೆಗೆಣ್ಣಿ ಗಿರಿಜಾಗೆ ಫೋನು ಮಾಡಿ, ಮನೆಯ ಹೆಪ್ಪು ಕಳಿಸು ಎಂದೆ. ಅತ್ತೆಯವರ ತವರು ಮನೆಯೂ ಅವಳ ಮನೆಯೂ ಒಂದೇ ಓಣಿಯಲ್ಲಿವೆ. ಆ ಹಳೆಯ ಹೆಪ್ಪೇ ಅವಳ ಮನೆಯಲ್ಲೂ ನಡೆದುಬಂದಿದೆ ಎಂದು ನಾವೆಲ್ಲ ನಂಬಿದ್ದೆವು. ಅವಳು ಪುಣೆಗೆ ಬರುವ ಪರಿಚಯದವರ ಕೈಯಲ್ಲಿ ಡಬ್ಬಿ ಕೊಟ್ಟು ಕಳಿಸಿದಳು. ನಾನು ಸ್ವಾರಗೇಟದ ಬಸ್ ನಿಲ್ದಾಣಕ್ಕೆ ಹೋಗಿ ಅದನ್ನು ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಮನೆಗೆ ತಂದೆ. ಒಂದೇ ಹಾಲು, ಒಂದೇ ಬಿಸಿ, ಒಂದೇ ಕಪಾಟು, ಎರಡು ಗಾಜಿನ ಬಾಟಲಿ. ಒಂದರ ಮೇಲೆ ‘ಧಾ’ ಎಂದೂ ಇನ್ನೊಂದರ ಮೇಲೆ ‘ಪು’ ಎಂದೂ ಬರೆದು ಅಂಟಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ, ನಂಬಿ, ಎರಡೂ ಬೇರೆ. ಪುಣೆಯದು ಗಟ್ಟಿ, ತುಸು ಸಿಹಿ. ಧಾರವಾಡದ್ದು ಹುಳಿ, ಚಮಚ ಎತ್ತಿದರೆ ಎಳೆಯೆಳೆಯಾಗಿ ಬರುತ್ತದೆ. ಮತ್ತೆ ಮತ್ತೆ ಹೆಪ್ಪು ಹಾಕಿ ನೋಡಿದೆ, ಪ್ರತಿಸಲವೂ ಹಾಗೇ. ಕೆರೆಯ ಹನಿ ನೋಡಿದ ದಿನ ಆದಂಥದ್ದೇ ಸಂತೋಷವಾಯಿತು. ಪುಣೆ ನಮ್ಮ ಮೊಸರನ್ನು ಬದಲಾಯಿಸಿದೆ, ಇದೋ ಸಾಕ್ಷಿ ಎಂದು ಕನ್ನಡಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಹೇಳಿ ಅಭ್ಯಾಸ ಮಾಡಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದರಲ್ಲಿ ನಾನು ಮೊದಲಿನಿಂದಲೂ ನಿಪುಣೆ.

ಸಂದರ್ಶನದ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ದೇವರಿಗೆ ನಮಸ್ಕಾರ ಮಾಡಿ ಬಾಗಿಲಿಗೆ ಬಂದೆ. ಕೆಳಗೆ ರಿಕ್ಷಾದವನು ಹಾರ್ನು ಒತ್ತುತ್ತಿದ್ದ. ಅತ್ತೆಯವರು ಚಮಚ ಹಿಡಿದು ನಿಂತಿದ್ದರು. ನಮ್ಮಲ್ಲಿ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ಅಂಗೈ ಮೇಲೆ ಮೊಸರು ಹಾಕುತ್ತಾರೆ, ಅದನ್ನು ನೆಕ್ಕಿ ಹೊರಡಬೇಕು. ಪುಣೆಯವರಲ್ಲೂ ಈ ಪದ್ಧತಿ ಇದೆ. ಮೇಧಾಳ ಹತ್ತನೆಯ ತರಗತಿಯ ಪರೀಕ್ಷೆಗೂ ಹಾಕಿದ್ದರು, ಮನೆಯವರ ಬಡ್ತಿಯ ಸಂದರ್ಶನಕ್ಕೂ ಹಾಕಿದ್ದರು. ನನ್ನ ಅಂಗೈಗೆ ಈ ಮನೆಯಲ್ಲಿ ಅದು ಮೊದಲ ಸಲ. ನನ್ನ ಕಣ್ಣು ತೇವವಾಯಿತು. ಒಂದು ಚಮಚವಲ್ಲ, ಎರಡು ಹಾಕಿದರು. ನಾನು ಭಕ್ತಿಯಿಂದ ಕೊನೆಯ ಹನಿಯವರೆಗೆ ನೆಕ್ಕಿದೆ. ನೆಕ್ಕುವಾಗ ರುಚಿ ಏನೋ ಬೇರೆ ಎನಿಸಿತು. ಗಟ್ಟಿ, ಆದರೆ ಹುಳಿ. ಸಿಹಿ, ಆದರೆ ಎಳೆ.

ಬಾಟಲಿಗಳನ್ನು ಚೀಲಕ್ಕೆ ಹಾಕಲು ಫ್ರಿಜ್ ತೆಗೆದೆ. ಎರಡೂ ಅಲ್ಲಿರಲಿಲ್ಲ. ತೊಳೆದು, ಬೋರಲು ಹಾಕಿ, ಸಿಂಕಿನ ಪಕ್ಕದಲ್ಲಿ ಹೊಳೆಯುತ್ತಿದ್ದವು.

“ಎರಡ ಬಾಟ್ಲಿ ಯಾಕ ಬೇಕು, ಫ್ರಿಜ್ಜಿನ್ಯಾಗ ಜಾಗಾ ಇಲ್ಲ. ಕೂಡಿಸಿ ನಮ್ಮ ಹೆಪ್ಪಿನ ಬಟ್ಲಕ್ಕ ಹಾಕೀನಿ,” ಎಂದರು ಅತ್ತೆಯವರು. “ಒಂದ ಮನಿ ಮಸರು ಅಲ್ಲೇನು ಎರಡೂ? ರಾತ್ರಿ ಅದನ್ನ ಹೆಪ್ಪು ಹಾಕೀನಿ. ಶುಭ ಅಂತ ಈಗ ನಿನಗೂ ಅದನ್ನ ಕೊಟ್ಟೆ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಕೊರಗುತ್ತಾರೆ. ನನ್ನ ಕಷ್ಟ ಅದಲ್ಲ. ಬಾಯಿಗೆ ಬಂದುಬಿಟ್ಟಿತ್ತು. ನನ್ನ ಸಂಶೋಧನೆಯ ಸಾಕ್ಷಿ, ಆಧಾರ, ತೀರ್ಮಾನ ಎಲ್ಲವೂ ಈಗ ಹೊಟ್ಟೆಯಲ್ಲಿತ್ತು. ಅಳಬೇಕೋ ರೇಗಬೇಕೋ ತಿಳಿಯಲಿಲ್ಲ. ರೇಗಿದರೆ ಅಂಗೈಗೆ ಮೊಸರು ಹಾಕಿದವರ ಮೇಲೆ ರೇಗಬೇಕು. ಅಷ್ಟರಲ್ಲಿ ರಿಕ್ಷಾದವನು ಮತ್ತೆ ಹಾರ್ನು ಹೊಡೆದ. ಬರಿಗೈಯಲ್ಲಿ ಹೊರಟೆ.

ಸಂದರ್ಶನದಲ್ಲಿ ಇಬ್ಬರಿದ್ದರು. ಒಬ್ಬರು ವಿಭಾಗದ ಮುಖ್ಯಸ್ಥೆ, ನನಗಿಂತ ಒಂದೆರಡು ವರ್ಷ ಚಿಕ್ಕವರೇ ಇದ್ದಿರಬೇಕು. ಇನ್ನೊಬ್ಬ ತರುಣ ಅಧ್ಯಾಪಕ, ಬಾಯಿತಪ್ಪಿ ನನ್ನನ್ನು ಕೂತ್ಕೊಳ್ಳಿ ಕಾಕೂ ಎಂದು ಕರೆದು ಕಿವಿ ಕೆಂಪು ಮಾಡಿಕೊಂಡರು. ಅವರು ಅದನ್ನು ಮುಚ್ಚಿಕೊಳ್ಳಲು ಗ್ಯಾಪ್ ಸರ್ಟಿಫಿಕೇಟ್ ಎತ್ತಿಕೊಂಡು, ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಕನ್ನಡಿಯ ಮುಂದೆ ಕಲಿತ ಇಂಗ್ಲಿಷು ಆ ಕ್ಷಣದಲ್ಲಿ ಕೈಕೊಟ್ಟಿತು. ಮರಾಠಿಯಲ್ಲಿ, ದಿನವೂ ಹೆಪ್ಪು ಹಾಕುತ್ತಿದ್ದೆ ಎಂದುಬಿಟ್ಟೆ. ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದೂ ಬಂತು. ಹಿತ್ತಾಳೆ ಡಬ್ಬಿ, ಶೈಲಾ ಕಾಕೂ, ಎರಡು ಬಾಟಲಿ, ಅತ್ತೆಯವರು, ಅಂಗೈ. ಸಾಕ್ಷಿಯನ್ನು ತಿಂದು ಬಂದಿದ್ದೇನೆ, ಕ್ಷಮಿಸಿ ಎಂದೆ. ತರುಣ ಅಧ್ಯಾಪಕರು ನಗು ತಡೆಯಲು ನೀರು ಕುಡಿದರು. ದೀಪಾವಳಿ ರಜೆ ಮುಗಿಸಿ ಬರುವಷ್ಟರಲ್ಲಿ ನಮ್ಮ ಪ್ರಯೋಗಾಲಯದಲ್ಲಿ ಬೆಳೆಸಿದ್ದೆಲ್ಲ ಸತ್ತುಹೋಗಿರುತ್ತದೆ, ನೀವು ಇಷ್ಟು ವರ್ಷ ಹೇಗೆ ಉಳಿಸಿದಿರಿ ಎಂದು ಕೇಳಿದರು. ನಮ್ಮ ಮನೆಯಲ್ಲಿ ಹೆಪ್ಪು ಸತ್ತರೆ ಸೊಸೆ ಉಳಿಯುವುದಿಲ್ಲ ಎಂದೆ.

ಮುಖ್ಯಸ್ಥೆ ಮಾತ್ರ ನಗಲಿಲ್ಲ. ಪೆನ್ನು ಕೆಳಗಿಟ್ಟು ಮುಂದೆ ಬಾಗಿದರು.

“ಎರಡೂ ಬೇರೆಯಾಗಿದ್ದವು ಅಂದಿರಿ. ಬದಲಾದದ್ದು ಪುಣೆಯದೇ ಅಂತ ಹೇಗೆ ಗೊತ್ತು? ಧಾರವಾಡದ್ದೇ ಬದಲಾಗಿರಬಹುದಲ್ಲ?”

ಇದು ನನಗೆ ಹೊಳೆದೇ ಇರಲಿಲ್ಲ. ಬಿಟ್ಟು ಬಂದವರು ಬದಲಾಗುತ್ತಾರೆ, ಊರು ಇದ್ದಲ್ಲೇ ಇದ್ದಂತೆ ಇರುತ್ತದೆ ಎಂದು ನಾನು ಸುಮ್ಮನೆ ನಂಬಿಕೊಂಡಿದ್ದೆ. ಗೊತ್ತಿಲ್ಲ ಮೇಡಂ ಎಂದೆ. ಹಾಗೆನ್ನುವಾಗ ನಾಚಿಕೆಯಾಗಬೇಕಿತ್ತು, ಆದರೆ ಎದೆಯಲ್ಲಿ ಏನೋ ಹಿಗ್ಗಿತು. ಇಷ್ಟು ವರ್ಷದಲ್ಲಿ ಯಾರೋ ಒಬ್ಬರು ನನ್ನ ಪ್ರಶ್ನೆಗೆ ಉತ್ತರ ಕೊಡುವ ಬದಲು ಅದನ್ನು ಇನ್ನಷ್ಟು ದೊಡ್ಡದು ಮಾಡಿ ನನ್ನ ಕೈಗೇ ತಿರುಗಿ ಕೊಟ್ಟಿದ್ದರು. ಇನ್ನೊಂದಿಷ್ಟು ಹೊತ್ತು ಇಲ್ಲೇ ಕೂತಿರಬೇಕು, ಇವರ ಜೊತೆ ಇದನ್ನೇ ಮಾತಾಡುತ್ತಿರಬೇಕು ಎನಿಸಿತು. ಎದ್ದು ಹೊರಡುವಾಗ ಮುಖ್ಯಸ್ಥೆ, ಇಲ್ಲಿಗೆ ಬರುವವರು ಉತ್ತರ ಹೊತ್ತು ತರುತ್ತಾರೆ, ನೀವು ಅದನ್ನು ಮನೆಯಲ್ಲೇ ತಿಂದು ಮುಗಿಸಿ ಬಂದಿದ್ದೀರಿ ಎಂದರು. ಅದು ಹೊಗಳಿಕೆಯೋ ತೆಗಳಿಕೆಯೋ ಮನೆ ಮುಟ್ಟುವವರೆಗೂ ಯೋಚಿಸಿದೆ.

ಮನೆಯಲ್ಲಿ ಅತ್ತೆಯವರು ಸಪ್ಪಗೆ ಕುಳಿತಿದ್ದರು. ನಾನು ಹೋದ ಮೇಲೆ ಮೇಧಾ ಅವರಿಗೆ ಬಾಟಲಿಗಳ ಕಥೆ ತಿಳಿಸಿ ಹೇಳಿದ್ದಳು. ಅವರು ಆಗಲೇ ಗಿರಿಜಾಗೆ ಫೋನು ಮಾಡಿ ಇನ್ನೊಮ್ಮೆ ಹೆಪ್ಪು ಕಳಿಸಲು ಹೇಳಿದ್ದರು. ಆಗ ಗಿರಿಜಾ ತಡವರಿಸಿ ಒಂದು ಮಾತು ಒಪ್ಪಿಕೊಂಡಳಂತೆ. ಹಿಂದೊಮ್ಮೆ ಎಲ್ಲರೂ ಯಾತ್ರೆಗೆ ಹೋದಾಗ ಮನೆಯ ಹೆಪ್ಪು ಕೆಟ್ಟಿತ್ತು. ಆಗಿನಿಂದ ಎದುರುಮನೆಯವರ ಹೆಪ್ಪೇ ನಡೆಯುತ್ತಿದೆ. ಅತ್ತೆಯವರ ತವರುಮನೆಯವರಂತೂ ಈಗ ಅಂಗಡಿಯಿಂದ ಮೊಸರು ತರುತ್ತಾರೆ. ಇದನ್ನು ಹೇಳುತ್ತಾ ಹೇಳುತ್ತಾ ಅತ್ತೆಯವರ ಮುಖ ಅರಳತೊಡಗಿತು.

“ನೋಡಿದೇನು ಸುನಂದಾ? ಧಾರವಾಡದ ಮಸರು ಧಾರವಾಡದಾಗ ಉಳಿದಿಲ್ಲ. ಉಳಿದದ್ದು ಇಲ್ಲೇ, ನಮ್ಮ ಮನ್ಯಾಗ.”

“ಹೌದ್ರಿ ಅತ್ತ್ಯಾರ,” ಎಂದೆ. “ನಿನ್ನೆ ರಾತ್ರಿ ತನಕಾ ಇತ್ತು.”

ಅವರು ಅಡುಗೆಮನೆಯ ಬಟ್ಟಲಿನ ಕಡೆ ತಿರುಗಿ ನೋಡಿದರು. ನನಗೆ ಪಾಪ ಎನಿಸಿತು, ಮಾತು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಕೊನೆಗೆ ಅವರೇ ಎದ್ದು ಹೋಗಿ ಒಂದು ಚಮಚ ಬಾಯಿಗೆ ಹಾಕಿಕೊಂಡು ಚಪ್ಪರಿಸಿದರು. ಹೊಸದು ಭಾಳ ಛಲೋ ಆಗ್ಯದ ಎಂದರು. ನಾನೂ ತಿಂದು ನೋಡಿದೆ. ಸುಳ್ಳು ಹೇಳಬಾರದು, ಎರಡಕ್ಕಿಂತಲೂ ಚೆನ್ನಾಗಿತ್ತು.

ಕೆಲವು ದಿನಗಳ ಮೇಲೆ ಪಟ್ಟಿ ಬಂತು. ಮೇಧಾ ಮೇಲಿನಿಂದ ಓದಿದಳು, ನಾನು ಅಭ್ಯಾಸಬಲದಿಂದ ಕೆಳಗಿನಿಂದ ಓದಿದೆ. ಹಾಗಾಗಿ ನನ್ನ ಹೆಸರು ಮೊದಲು ಕಂಡದ್ದು ನನಗೇ. ಮನೆಯವರು ಮೊದಲ ಸಲ ಅಡ್ಡಗೋಡೆ ಬಿಟ್ಟು, ಭೇಷ್ ಎಂದು ಸ್ಪಷ್ಟವಾಗಿ ಹೇಳಿದರು. ಅತ್ತೆಯವರು ಇದೆಲ್ಲ ಅಂಗೈ ಮೊಸರಿನ ಮಹಿಮೆ ಎಂದು ಇಡೀ ಸೊಸೈಟಿಗೆ ಸಾರಿದರು. ಶೈಲಾ ಕಾಕೂ ತಮ್ಮ ಮೊಮ್ಮಗನ ಪರೀಕ್ಷೆಗೆಂದು ಒಂದು ಬಟ್ಟಲು ಮೊಸರು ಒಯ್ದರು.

ಕಾಲೇಜಿನ ಮೊದಲ ದಿನ ಬಾಗಿಲಲ್ಲಿ ಮತ್ತೆ ಚಮಚ ಸಿದ್ಧವಾಗಿತ್ತು. ಅಂಗೈ ಚಾಚಿದೆ, ನೆಕ್ಕಿದೆ, ರಿಕ್ಷಾ ಹತ್ತಿದೆ. ಪ್ರಯೋಗಾಲಯದಲ್ಲಿ ಆ ತರುಣ ಅಧ್ಯಾಪಕರೇ ನಿಯಮಗಳನ್ನು ಓದಿದರು. ಮೊದಲನೆಯದು, ಇಲ್ಲಿ ಪರೀಕ್ಷೆಗೆ ಇಟ್ಟ ಯಾವ ವಸ್ತುವನ್ನೂ, ಯಾವ ಕಾರಣಕ್ಕೂ, ಬಾಯಿಗೆ ಹಾಕಿಕೊಳ್ಳಬಾರದು. ಓದಿ ನನ್ನ ಕಡೆಗೇ ನೋಡಿದರು. ಇಡೀ ತರಗತಿಯಲ್ಲಿ ಸಾಕ್ಷಿಯನ್ನು ತಿಂದು ಸೀಟು ಗಿಟ್ಟಿಸಿದವಳು ನಾನೊಬ್ಬಳೇ ಎಂಬುದು ಅವರಿಗೆ ಗೊತ್ತಿತ್ತು. ನಾನು ಗಂಭೀರವಾಗಿ ತಲೆಯಾಡಿಸಿ ಬಲಗೈಯನ್ನು ಸೆರಗಿನ ಕೆಳಗೆ ಸರಿಸಿಕೊಂಡೆ. ಅದರಲ್ಲಿ ಇನ್ನೂ ಬೆಳಗಿನ ಮೊಸರಿನ ವಾಸನೆ ಇತ್ತು. ಯಾವ ಊರಿನ ಮೊಸರು ಎಂದು ಮಾತ್ರ ಕೇಳಬೇಡಿ, ಅದನ್ನು ಕಂಡುಹಿಡಿಯಲು ನನಗೆ ಎರಡು ವರ್ಷ ಕೊಟ್ಟಿದ್ದಾರೆ.